ಅಮೆರಿಕದ ಕಾಯಂ ನಿವಾಸಿಗಳ ಪ್ರಯಾಣ ದಾಖಲೆಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಪೌರತ್ವವನ್ನು ಪಡೆಯದೆ, ಅಲ್ಲಿ ಕಾಯಂ ಆಗಿ ನೆಲೆಸುವ ಮತ್ತು ದುಡಿಯುವ ಹಕ್ಕನ್ನು ಮಾತ್ರ ಪಡೆದಿರುವ ವಿದೇಶಿ ಪ್ರಜೆಗಳನ್ನು ಕಾನೂನುಬದ್ಧ ಕಾಯಂ ನಿವಾಸಿಗಳು ಎಂದು ಕರೆಯಲಾಗುತ್ತದೆ. ಇವರು ಆ ದೇಶದಿಂದ ಹೊರಗೆ ಪ್ರಯಾಣಿಸುವಾಗ ಹಾಗೂ ಹಿಂದಿರುಗುವಾಗ ಜೊತೆಯಲ್ಲಿ ಇರಿಸಿಕೊಳ್ಳಬೇಕಾದ ಪತ್ರಗಳೇ ಅಮೆರಿಕದ ಕಾಯಂ ನಿವಾಸಿಗಳ ಪ್ರಯಾಣ ದಾಖಲೆಗಳು. ಸ್ವದೇಶದ ಪಾಸ್‌ಪೋರ್ಟ್ ಮತ್ತು ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಎಂದು ಕರೆಯಲಾಗುವ ಕಾಯಂ ನಿವಾಸಿ ಕಾರ್ಡ್ ಇವುಗಳಲ್ಲಿ ಮುಖ್ಯವಾದವು. ದೀರ್ಘಕಾಲ ಹೊರಗಿರುವವರಿಗೆ ಮರುಪ್ರವೇಶ ಪರವಾನಗಿ, ಅವಧಿ ಮೀರಿ ಹೊರಗುಳಿದವರಿಗೆ ಹಿಂದಿರುಗುವ ನಿವಾಸಿ ವೀಸಾ, ಕಾರ್ಡ್ ಕಳೆದುಕೊಂಡವರಿಗೆ ವಿಮಾನವೇರುವ ಅನುಮತಿ ಪತ್ರ ಮುಂತಾದ ಪೂರಕ ದಾಖಲೆಗಳೂ ಇವೆ.

ಗ್ರೀನ್ ಕಾರ್ಡ್ ಕಾಯಂ ನಿವಾಸದ ಸ್ಥಾನಮಾನಕ್ಕೆ ಪುರಾವೆಯೇ ಹೊರತು ಸ್ವತಃ ಆ ಸ್ಥಾನಮಾನವಲ್ಲ. ಕಾರ್ಡಿನ ಅವಧಿ ಮುಗಿದರೂ ಸ್ಥಾನಮಾನ ಉಳಿದಿರಬಹುದು. ಕಾರ್ಡಿನ ಮೇಲೆ ಇನ್ನೂ ಹಲವು ವರ್ಷಗಳ ಅವಧಿ ಇದ್ದರೂ ಸ್ಥಾನಮಾನ ಕೈತಪ್ಪಬಹುದು. ಪ್ರಯಾಣ ದಾಖಲೆಗಳಿಗೆ ಸಂಬಂಧಿಸಿದ ಬಹುತೇಕ ನಿಯಮಗಳು ಈ ವ್ಯತ್ಯಾಸದಿಂದಲೇ ಹುಟ್ಟಿಕೊಂಡಿವೆ.

ಇತಿಹಾಸ

ಅಮೆರಿಕದಲ್ಲಿ ವಿದೇಶಿಯರ ಸಾರ್ವತ್ರಿಕ ನೋಂದಣಿಯು 1940ರ ವಿದೇಶಿಯರ ನೋಂದಣಿ ಕಾಯ್ದೆಯಿಂದ ಆರಂಭವಾಯಿತು. ಆಗ ಅಂಚೆ ಕಚೇರಿಗಳಲ್ಲಿ ನೋಂದಣಿ ನಡೆಯುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಕಾಯಂ ನಿವಾಸಿಗಳಿಗೆ ಐ-151 ಎಂಬ ಸಂಖ್ಯೆಯ ಕಾರ್ಡ್ ನೀಡಲಾಯಿತು. ಅದರ ಹಸಿರು ಬಣ್ಣದಿಂದಾಗಿ ಗ್ರೀನ್ ಕಾರ್ಡ್ ಎಂಬ ಹೆಸರು ರೂಢಿಗೆ ಬಂತು. 1964ರಲ್ಲಿ ಬಣ್ಣ ಬದಲಾಯಿತಾದರೂ ಹೆಸರು ಉಳಿಯಿತು. 1977ರಲ್ಲಿ ಐ-551 ಎಂಬ ಹೊಸ ಕಾರ್ಡ್ ಜಾರಿಗೆ ಬಂದಿತು. ಆರಂಭದ ಐ-551 ಕಾರ್ಡುಗಳಲ್ಲಿ ಮುಕ್ತಾಯ ದಿನಾಂಕ ಇರಲಿಲ್ಲ. 1989ರಿಂದ ಹತ್ತು ವರ್ಷಗಳ ಅವಧಿಯನ್ನು ನಿಗದಿಪಡಿಸಲಾಯಿತು. 2010ರ ವಿನ್ಯಾಸದಲ್ಲಿ ಕಾರ್ಡಿಗೆ ಮತ್ತೆ ಹಸಿರು ಬಣ್ಣ ಬಂದಿತು.

ಕಾನೂನಿನ ಹಿನ್ನೆಲೆ

ಈ ವಿಷಯದ ಮೂಲ ಶಾಸನ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆ. ಹದಿನೆಂಟು ವರ್ಷ ಮೀರಿದ ಪ್ರತಿಯೊಬ್ಬ ಕಾಯಂ ನಿವಾಸಿಯೂ ತನ್ನ ನೋಂದಣಿ ಪುರಾವೆಯನ್ನು ಸದಾ ಜೊತೆಯಲ್ಲಿ ಇರಿಸಿಕೊಂಡಿರಬೇಕೆಂದು ಅದು ವಿಧಿಸುತ್ತದೆ.

1963ರಲ್ಲಿ ರೋಸೆನ್‌ಬರ್ಗ್ ವಿರುದ್ಧ ಫ್ಲೂಟಿ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಕಾಯಂ ನಿವಾಸಿಯ ನಿರುಪದ್ರವಿ ಮತ್ತು ಅಲ್ಪಕಾಲದ ಪ್ರವಾಸದ ನಂತರದ ಮರಳುವಿಕೆಯನ್ನು ಹೊಸ ಪ್ರವೇಶವೆಂದು ಪರಿಗಣಿಸಬಾರದೆಂದು ತೀರ್ಪಿತ್ತಿತು. 1982ರ ಲ್ಯಾಂಡನ್ ವಿರುದ್ಧ ಪ್ಲಾಸೆನ್ಸಿಯ ತೀರ್ಪು, ಹಿಂದಿರುಗುವ ಕಾಯಂ ನಿವಾಸಿಗೆ ಪ್ರವೇಶ ನಿರಾಕರಿಸುವ ವಿಚಾರಣೆಯಲ್ಲಿ ನ್ಯಾಯಸಮ್ಮತ ಪ್ರಕ್ರಿಯೆಯ ಹಕ್ಕು ಇದೆಯೆಂದು ಸ್ಪಷ್ಟಪಡಿಸಿತು.

1996ರ ತಿದ್ದುಪಡಿ ಕಾಯ್ದೆಯು ಈ ನಿಯಮಗಳನ್ನು ಮರುರೂಪಿಸಿತು. ಅದರಂತೆ ಹಿಂದಿರುಗುವ ಕಾಯಂ ನಿವಾಸಿಯನ್ನು ಸಾಮಾನ್ಯವಾಗಿ ಹೊಸದಾಗಿ ಪ್ರವೇಶ ಕೋರುವವನೆಂದು ಪರಿಗಣಿಸುವುದಿಲ್ಲ. ಆದರೆ ಆತ ಸ್ಥಾನಮಾನವನ್ನು ತ್ಯಜಿಸಿದ್ದರೆ, ಸತತ 180 ದಿನಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ, ದೇಶ ಬಿಟ್ಟ ನಂತರ ಕಾನೂನುಬಾಹಿರ ಚಟುವಟಿಕೆಯಲ್ಲಿ ತೊಡಗಿದ್ದರೆ, ಗಡೀಪಾರಿನಂತಹ ಕ್ರಮ ಬಾಕಿಯಿರುವಾಗ ಹೊರಟಿದ್ದರೆ, ಕೆಲವು ಬಗೆಯ ಅಪರಾಧಗಳನ್ನು ಎಸಗಿದ್ದರೆ ಅಥವಾ ತಪಾಸಣೆಯಿಲ್ಲದೆ ಗಡಿ ದಾಟಲು ಯತ್ನಿಸಿದರೆ ಈ ರಕ್ಷಣೆ ದೊರೆಯುವುದಿಲ್ಲ. 2012ರ ವಾರ್ಟೆಲಾಸ್ ವಿರುದ್ಧ ಹೋಲ್ಡರ್ ತೀರ್ಪಿನಂತೆ, 1996ರ ತಿದ್ದುಪಡಿಗಿಂತ ಹಿಂದಿನ ಅಪರಾಧಗಳಿಗೆ ಈ ಬದಲಾವಣೆಯನ್ನು ಪೂರ್ವಾನ್ವಯಗೊಳಿಸುವಂತಿಲ್ಲ. ಆ ಪ್ರಕರಣದ ಕಾಯಂ ನಿವಾಸಿಯು 2003ರಲ್ಲಿ ಒಂದು ವಾರ ಗ್ರೀಸ್ ದೇಶಕ್ಕೆ ಹೋಗಿ ಮರಳುವಾಗ ವಿಮಾನ ನಿಲ್ದಾಣದಲ್ಲಿ ತಡೆಯಲ್ಪಟ್ಟಿದ್ದನು.

ಮುಖ್ಯ ದಾಖಲೆಗಳು

ಪಾಸ್‌ಪೋರ್ಟ್: ಕಾಯಂ ನಿವಾಸಿಯು ತನ್ನ ಮೂಲ ದೇಶದ ಪ್ರಜೆಯಾಗಿಯೇ ಉಳಿಯುವುದರಿಂದ ಅಮೆರಿಕದ ಪಾಸ್‌ಪೋರ್ಟ್ ದೊರೆಯುವುದಿಲ್ಲ. ಅಮೆರಿಕಕ್ಕೆ ಮರಳುವಾಗ ಅಧಿಕಾರಿಗಳು ಮುಖ್ಯವಾಗಿ ನೋಡುವುದು ಗ್ರೀನ್ ಕಾರ್ಡನ್ನು. ಆದರೂ ಭೇಟಿ ನೀಡುವ ದೇಶದ ಪ್ರವೇಶಕ್ಕೆ ಹಾಗೂ ವಿಮಾನಯಾನ ಸಂಸ್ಥೆಯ ತಪಾಸಣೆಗೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಬೇಕಾಗುತ್ತದೆ. ನಿರಾಶ್ರಿತರಾಗಿ ಬಂದು ಕಾಯಂ ನಿವಾಸ ಪಡೆದವರು ಸ್ವದೇಶದ ಪಾಸ್‌ಪೋರ್ಟಿಗೆ ಬದಲಾಗಿ ನಿರಾಶ್ರಿತರ ಪ್ರಯಾಣ ಪತ್ರವನ್ನು ಪಡೆಯಬಹುದು.

ಕಾಯಂ ನಿವಾಸಿ ಕಾರ್ಡ್: ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ತಾತ್ಕಾಲಿಕ ಪ್ರವಾಸದಿಂದ ಹಿಂದಿರುಗಲು ಚಾಲ್ತಿಯಲ್ಲಿರುವ ಐ-551 ಕಾರ್ಡ್ ಸಾಕಾಗುತ್ತದೆ, ಪ್ರತ್ಯೇಕ ವೀಸಾ ಬೇಕಿಲ್ಲ. ಮೂಲ ಕಾರ್ಡನ್ನೇ ಒಯ್ಯಬೇಕು, ನಕಲು ಪ್ರತಿ ಪರ್ಯಾಯವಲ್ಲ. ವಿವಾಹದ ಆಧಾರದಲ್ಲಿ ನಿವಾಸ ಪಡೆದಾಗ ವಿವಾಹಕ್ಕೆ ಎರಡು ವರ್ಷ ತುಂಬಿರದವರಿಗೆ ಎರಡು ವರ್ಷ ಅವಧಿಯ ಷರತ್ತುಬದ್ಧ ಕಾರ್ಡ್ ನೀಡಲಾಗುತ್ತದೆ.

ಕಾರ್ಡಿಗೆ ಬದಲಾಗಿ ಅಥವಾ ಪೂರಕವಾಗಿ ಮಾನ್ಯವಾಗುವ ದಾಖಲೆಗಳು ಹೀಗಿವೆ:

ಹೊಸ ವಲಸಿಗರ ವೀಸಾ: ಮೊದಲ ಬಾರಿಗೆ ವಲಸೆ ವೀಸಾದ ಮೇಲೆ ಪ್ರವೇಶಿಸಿದವರ ಪಾಸ್‌ಪೋರ್ಟಿನಲ್ಲಿರುವ ವೀಸಾ, ಪ್ರವೇಶ ಮುದ್ರೆ ಬಿದ್ದ ದಿನದಿಂದ ಒಂದು ವರ್ಷದವರೆಗೆ ಕಾಯಂ ನಿವಾಸದ ತಾತ್ಕಾಲಿಕ ಪುರಾವೆಯಾಗಿರುತ್ತದೆ.

ಐ-551 ಮುದ್ರೆ: ಕಾರ್ಡ್ ಇನ್ನೂ ಕೈಸೇರದವರಿಗೆ ಪೌರತ್ವ ಮತ್ತು ವಲಸೆ ಸೇವಾ ಇಲಾಖೆಯು ನೀಡುವ ತಾತ್ಕಾಲಿಕ ಮುದ್ರೆ.

ವಿಸ್ತರಣೆಯ ಸ್ವೀಕೃತಿ ಪತ್ರ: ಹತ್ತು ವರ್ಷದ ಕಾರ್ಡಿನ ನವೀಕರಣಕ್ಕೆ ಐ-90 ಅರ್ಜಿ ಸಲ್ಲಿಸಿದವರಿಗೆ ಬರುವ ಪತ್ರವು, ಸೆಪ್ಟೆಂಬರ್ 2024ರ ನಿಯಮದಂತೆ, ಕಾರ್ಡಿನ ಮಾನ್ಯತೆಯನ್ನು 36 ತಿಂಗಳು ವಿಸ್ತರಿಸುತ್ತದೆ. ಷರತ್ತು ತೆಗೆದುಹಾಕಲು ಐ-751 ಅರ್ಜಿ ಸಲ್ಲಿಸಿದವರಿಗೆ, 2023ರ ನಿಯಮದಂತೆ, 48 ತಿಂಗಳ ವಿಸ್ತರಣೆ ದೊರೆಯುತ್ತದೆ. ಎರಡೂ ಸಂದರ್ಭಗಳಲ್ಲಿ ಅವಧಿ ಮುಗಿದ ಕಾರ್ಡ್ ಮತ್ತು ಮೂಲ ಸ್ವೀಕೃತಿ ಪತ್ರವನ್ನು ಒಟ್ಟಿಗೆ ತೋರಿಸಬೇಕು.

ಕಾಯಂ ನಿವಾಸದ ಅರ್ಜಿ ಬಾಕಿಯಿರುವವರು ಪ್ರಯಾಣಕ್ಕಾಗಿ ಪಡೆಯುವ ಮುಂಗಡ ಅನುಮತಿ ಬೇರೆಯೇ ದಾಖಲೆ. ಅದು ಇನ್ನೂ ಕಾಯಂ ನಿವಾಸಿಗಳಾಗದವರಿಗೆ ಸಂಬಂಧಿಸಿದ್ದು.

ಹೊರಗಿರುವ ಅವಧಿ ಮತ್ತು ಅದರ ಪರಿಣಾಮ

ಆರು ತಿಂಗಳೊಳಗೆ: ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಸಾಮಾನ್ಯವಾಗಿ ಸಾಕಾಗುತ್ತವೆ.

180 ದಿನ ಮೀರಿ, ಒಂದು ವರ್ಷದೊಳಗೆ: ಕಾರ್ಡ್ ಪ್ರಯಾಣ ದಾಖಲೆಯಾಗಿ ಮಾನ್ಯವೇ ಆಗಿದ್ದರೂ ವ್ಯಕ್ತಿಯನ್ನು ಪ್ರವೇಶ ಕೋರುವವನೆಂದು ಪರಿಗಣಿಸಿ ಹೆಚ್ಚಿನ ವಿಚಾರಣೆ ನಡೆಸಬಹುದು. ಅಮೆರಿಕದೊಂದಿಗಿನ ಸಂಬಂಧ ಮುಂದುವರಿದಿದೆ ಎಂಬುದಕ್ಕೆ ಪುರಾವೆ ಒಯ್ಯುವುದು ಸೂಕ್ತ.

ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು: ಗ್ರೀನ್ ಕಾರ್ಡ್ ಮಾತ್ರ ಸಾಲದು. ಹೊರಡುವ ಮುನ್ನ ಅರ್ಜಿ ಸಲ್ಲಿಸಿದ ಮರುಪ್ರವೇಶ ಪರವಾನಗಿ ಬೇಕು.

ಪರವಾನಗಿಯ ಅವಧಿಯೂ ಮೀರಿದಾಗ: ಹಿಂದಿರುಗುವ ನಿವಾಸಿ ವೀಸಾಕ್ಕೆ ಅರ್ಜಿ ಸಲ್ಲಿಸಬೇಕಾಗುತ್ತದೆ.

ವರ್ಷಕ್ಕೊಮ್ಮೆ ಅಮೆರಿಕದ ನೆಲ ಮುಟ್ಟಿ ಬಂದರೆ ಸ್ಥಾನಮಾನ ಉಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಒಂದು ವರ್ಷದ ಮಿತಿಯು ಕಾರ್ಡನ್ನು ಪ್ರಯಾಣ ದಾಖಲೆಯಾಗಿ ಬಳಸುವ ಮಿತಿ ಮಾತ್ರ. ವ್ಯಕ್ತಿಯ ನಿಜವಾದ ನೆಲೆ ಅಮೆರಿಕದಲ್ಲಿದೆಯೇ, ಪ್ರವಾಸ ತಾತ್ಕಾಲಿಕವಾಗಿತ್ತೇ ಎಂಬುದು ಪ್ರತ್ಯೇಕ ಪ್ರಶ್ನೆ. ಪ್ರವಾಸದ ಉದ್ದೇಶ, ಅದು ಮುಗಿಯುವ ನಿರೀಕ್ಷಿತ ಕಾಲ, ಮನೆ ಮತ್ತು ಉದ್ಯೋಗ ಇರುವ ಸ್ಥಳ, ಕುಟುಂಬದ ನೆಲೆ, ತೆರಿಗೆ ಸಲ್ಲಿಕೆ ಮುಂತಾದವುಗಳನ್ನು ಒಟ್ಟಾಗಿ ನೋಡಲಾಗುತ್ತದೆ. ಹಾಗಾಗಿ ಒಂದು ವರ್ಷದೊಳಗಿನ ಪ್ರವಾಸದ ನಂತರವೂ ಸ್ಥಾನಮಾನ ತ್ಯಜಿಸಲಾಗಿದೆಯೆಂಬ ತೀರ್ಮಾನ ಸಾಧ್ಯ.

ಮರುಪ್ರವೇಶ ಪರವಾನಗಿ

ಇದು ಪಾಸ್‌ಪೋರ್ಟ್ ಆಕಾರದ ಪುಸ್ತಿಕೆ. ಐ-131 ಅರ್ಜಿಯ ಮೂಲಕ ಇದನ್ನು ಕೋರಲಾಗುತ್ತದೆ. ಅರ್ಜಿ ಸಲ್ಲಿಸುವಾಗ ಅರ್ಜಿದಾರರು ಅಮೆರಿಕದೊಳಗೇ ಇರಬೇಕು. ವಿದೇಶದಿಂದ ಅರ್ಜಿ ಹಾಕಲು ಅವಕಾಶವಿಲ್ಲ. ಬೆರಳಚ್ಚು ಮತ್ತು ಭಾವಚಿತ್ರ ನೀಡಿದ ನಂತರ ಪುಸ್ತಿಕೆ ಕೈಸೇರುವ ಮೊದಲೇ ಹೊರಡಬಹುದು. ಅರ್ಜಿಯಲ್ಲಿ ಸೂಚಿಸಿದ್ದರೆ ಅದನ್ನು ವಿದೇಶದಲ್ಲಿರುವ ಅಮೆರಿಕದ ರಾಯಭಾರ ಕಚೇರಿಗೆ ಕಳುಹಿಸಲಾಗುತ್ತದೆ.

ಪರವಾನಗಿಯ ಗರಿಷ್ಠ ಅವಧಿ ಎರಡು ವರ್ಷ, ಅದನ್ನು ವಿಸ್ತರಿಸಲಾಗದು. ಕಾಯಂ ನಿವಾಸ ಪಡೆದ ನಂತರದ ಕಳೆದ ಐದು ವರ್ಷಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ವರ್ಷ ಹೊರಗಿದ್ದವರಿಗೆ, ಕೆಲವು ವಿನಾಯಿತಿಗಳ ಹೊರತು, ಒಂದು ವರ್ಷಕ್ಕೆ ಮಾತ್ರ ನೀಡಲಾಗುತ್ತದೆ. ಷರತ್ತುಬದ್ಧ ನಿವಾಸಿಗಳ ಪರವಾನಗಿಯು ಅವರ ಷರತ್ತಿನ ಅವಧಿಯನ್ನು ಮೀರುವುದಿಲ್ಲ. ಈ ಪತ್ರವು ಪ್ರವೇಶದ ಖಾತರಿಯಲ್ಲ; ಆದರೆ ಹೊರಗಿದ್ದ ಕಾಲಾವಧಿಯೊಂದನ್ನೇ ಕಾರಣವಾಗಿಟ್ಟು ಸ್ಥಾನಮಾನ ತ್ಯಜಿಸಲಾಗಿದೆಯೆಂದು ಹೇಳುವುದನ್ನು ತಡೆಯುತ್ತದೆ.

ಹಿಂದಿರುಗುವ ನಿವಾಸಿ ವೀಸಾ

ಎಸ್‌ಬಿ-1 ಎಂದು ಕರೆಯಲಾಗುವ ಈ ವೀಸಾಕ್ಕೆ ವಿದೇಶದಲ್ಲಿರುವ ಅಮೆರಿಕದ ರಾಯಭಾರ ಅಥವಾ ದೂತಾವಾಸ ಕಚೇರಿಯಲ್ಲಿ ಡಿಎಸ್-117 ನಮೂನೆಯ ಮೂಲಕ ಅರ್ಜಿ ಸಲ್ಲಿಸಬೇಕು. ಅರ್ಜಿದಾರರು ಮೂರು ಸಂಗತಿಗಳನ್ನು ಸಾಬೀತುಪಡಿಸಬೇಕು: ಹೊರಟಾಗ ಕಾಯಂ ನಿವಾಸಿಯಾಗಿದ್ದದ್ದು, ಹಿಂದಿರುಗುವ ಉದ್ದೇಶ ಆಗಲೂ ಇದ್ದು ಈಗಲೂ ಮುಂದುವರಿದಿರುವುದು, ಮತ್ತು ತಮ್ಮ ನಿಯಂತ್ರಣಕ್ಕೆ ಮೀರಿದ ಕಾರಣದಿಂದ ವಾಸ ದೀರ್ಘವಾದದ್ದು. ಹೊರಟ ಮತ್ತು ಮರಳಬೇಕಿದ್ದ ಟಿಕೆಟ್‌ಗಳು, ಆಸ್ಪತ್ರೆಯ ದಾಖಲೆಗಳು, ರದ್ದಾದ ವಿಮಾನಗಳ ಮಾಹಿತಿ, ಅಮೆರಿಕದ ಮನೆ ಮತ್ತು ತೆರಿಗೆಯ ಪತ್ರಗಳು ಇಲ್ಲಿ ಉಪಯುಕ್ತ. ಕೋರಿಕೆ ಮಾನ್ಯವಾದರೆ ವೈದ್ಯಕೀಯ ಪರೀಕ್ಷೆಯೂ ಸೇರಿದಂತೆ ವಲಸೆ ವೀಸಾದ ಉಳಿದ ಹಂತಗಳು ನಡೆಯುತ್ತವೆ.

ಕೋವಿಡ್-19 ಸಾಂಕ್ರಾಮಿಕದ ಕಾಲದಲ್ಲಿ ಈ ವೀಸಾಕ್ಕೆ ವಿಶೇಷ ಮಹತ್ವ ಬಂದಿತು. ಭಾರತವು ಮಾರ್ಚ್ 2020ರಲ್ಲಿ ಸ್ಥಗಿತಗೊಳಿಸಿದ ನಿಯಮಿತ ಅಂತರರಾಷ್ಟ್ರೀಯ ವಿಮಾನ ಸಂಚಾರ ಪುನರಾರಂಭವಾದದ್ದು 27 ಮಾರ್ಚ್ 2022ರಂದು. ಈ ನಡುವೆ ವಿಶೇಷ ವಿಮಾನಗಳು ಸಂಚರಿಸಿದರೂ, ಅಲ್ಪಕಾಲಕ್ಕೆಂದು ಬಂದವರ ವಾಸ ಒಂದು ವರ್ಷ ಮೀರುವ ಸಂದರ್ಭಗಳು ಉಂಟಾದವು.

ವಿದೇಶದಲ್ಲಿ ಕಾರ್ಡ್ ಕಳೆದುಹೋದಾಗ

ಒಂದು ವರ್ಷಕ್ಕಿಂತ ಕಡಿಮೆ ಕಾಲ ಹೊರಗಿದ್ದು ಕಾರ್ಡ್ ಕಳೆದುಹೋದ, ಕಳವಾದ ಅಥವಾ ನಾಶವಾದ ಸಂದರ್ಭದಲ್ಲಿ ಐ-131ಎ ಅರ್ಜಿಯ ಮೂಲಕ ವಿಮಾನವೇರುವ ಅನುಮತಿ ಪತ್ರವನ್ನು ಪಡೆಯಬಹುದು. ಮರುಪ್ರವೇಶ ಪರವಾನಗಿ ಕಳೆದುಕೊಂಡವರಿಗೆ ಈ ಮಿತಿ ಎರಡು ವರ್ಷ. ಇದು ವಿಮಾನಯಾನ ಸಂಸ್ಥೆಗೆ ತೋರಿಸುವ, ಒಂದೇ ಪ್ರಯಾಣಕ್ಕೆ ಸೀಮಿತವಾದ ಅಲ್ಪಾವಧಿಯ ಪತ್ರ. ಅರ್ಜಿಗೆ ಪಾಸ್‌ಪೋರ್ಟ್, ಅಮೆರಿಕದಿಂದ ಹೊರಟ ದಿನಾಂಕದ ಪುರಾವೆ ಹಾಗೂ ಕಳವಾಗಿದ್ದರೆ ಪೊಲೀಸ್ ದೂರಿನ ಪ್ರತಿ ನೆರವಾಗುತ್ತವೆ. ಈ ಕಾರಣಕ್ಕಾಗಿ ಕಾರ್ಡಿನ ಎರಡೂ ಬದಿಗಳ ಮತ್ತು ಪಾಸ್‌ಪೋರ್ಟಿನ ಪ್ರತಿಗಳನ್ನು ಮೂಲ ದಾಖಲೆಗಳಿಂದ ಪ್ರತ್ಯೇಕವಾಗಿ ಇರಿಸಿಕೊಳ್ಳುವುದು ವಾಡಿಕೆ. ಕಾರ್ಡ್ ಕಳೆದ ಮಾತ್ರಕ್ಕೆ ಕಾಯಂ ನಿವಾಸ ಕೊನೆಗೊಳ್ಳುವುದಿಲ್ಲ.

ಪೋಷಕ ದಾಖಲೆಗಳು

ಕಾನೂನು ಕಡ್ಡಾಯವಾಗಿ ಕೇಳದಿದ್ದರೂ, ಪ್ರಶ್ನೆ ಎದುರಾದಾಗ ಉಪಯೋಗಕ್ಕೆ ಬರುವ ಪತ್ರಗಳಿವು:

ಅಮೆರಿಕದ ಮನೆಯ ಬಾಡಿಗೆ ಕರಾರು ಅಥವಾ ಮಾಲೀಕತ್ವದ ಪತ್ರ;

ಉದ್ಯೋಗದಾತರ ಪತ್ರ ಮತ್ತು ರಜೆಯ ಅವಧಿಯ ವಿವರ;

ಇತ್ತೀಚಿನ ಆದಾಯ ತೆರಿಗೆ ವಿವರಣೆಗಳು. ಕಾಯಂ ನಿವಾಸಿಯೊಬ್ಬರು ತಾನು ಅನಿವಾಸಿ ಎಂದು ಘೋಷಿಸಿ ತೆರಿಗೆ ಸಲ್ಲಿಸುವುದು ಸ್ಥಾನಮಾನ ತ್ಯಜಿಸಿದ್ದರ ಸೂಚನೆಯೆಂದು ಪರಿಗಣಿತವಾಗಬಹುದು;

ಪ್ರವಾಸ ದೀರ್ಘವಾದದ್ದಕ್ಕೆ ವೈದ್ಯಕೀಯ ಅಥವಾ ಕೌಟುಂಬಿಕ ಕಾರಣಗಳ ದಾಖಲೆ;

ಹಿಂದೆ ಬಂಧನ ಅಥವಾ ಶಿಕ್ಷೆಯಾಗಿದ್ದಲ್ಲಿ ನ್ಯಾಯಾಲಯದ ಅಂತಿಮ ಆದೇಶದ ದೃಢೀಕೃತ ಪ್ರತಿ. ಇಂಥವರು ಹೊರಡುವ ಮೊದಲೇ ವಕೀಲರ ಸಲಹೆ ಪಡೆಯುವುದು ಅಗತ್ಯವೆನಿಸುತ್ತದೆ, ಏಕೆಂದರೆ ಪ್ರಯಾಣವೇ ಪ್ರವೇಶದ ಪ್ರಶ್ನೆಯನ್ನು ಹುಟ್ಟುಹಾಕಬಹುದು;

ಪಾಸ್‌ಪೋರ್ಟ್ ಮತ್ತು ಕಾರ್ಡಿನಲ್ಲಿ ಹೆಸರು ಬೇರೆಯಾಗಿದ್ದರೆ ವಿವಾಹ ಪ್ರಮಾಣಪತ್ರ ಅಥವಾ ಹೆಸರು ಬದಲಾವಣೆಯ ಆದೇಶ.

ಮಕ್ಕಳು

ಮಕ್ಕಳಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಮತ್ತು ಕಾರ್ಡ್ ಬೇಕು. ಹದಿನಾಲ್ಕು ವರ್ಷ ತುಂಬಿದ ಮೂವತ್ತು ದಿನಗಳೊಳಗೆ ಹೊಸ ಕಾರ್ಡಿಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವಿದೆ. ಒಬ್ಬರೇ ಪೋಷಕರೊಂದಿಗೆ ಪ್ರಯಾಣಿಸುವ ಮಗುವಿಗೆ ಇನ್ನೊಬ್ಬ ಪೋಷಕರ ಒಪ್ಪಿಗೆ ಪತ್ರವನ್ನು ಹಲವು ದೇಶಗಳು ಕೇಳುತ್ತವೆ.

ಕಾಯಂ ನಿವಾಸಿ ತಾಯಿ ತಾತ್ಕಾಲಿಕವಾಗಿ ವಿದೇಶದಲ್ಲಿದ್ದಾಗ ಹುಟ್ಟಿದ ಮಗುವಿಗೆ ವಿಶೇಷ ಅವಕಾಶವಿದೆ. ಮಗುವಿಗೆ ಎರಡು ವರ್ಷ ತುಂಬುವ ಮೊದಲು, ಹೆರಿಗೆಯ ನಂತರ ಪೋಷಕರು ಮೊದಲ ಬಾರಿಗೆ ಮರಳುವಾಗ ಜೊತೆಯಲ್ಲಿ ಕರೆತಂದರೆ, ವಲಸೆ ವೀಸಾ ಇಲ್ಲದೆಯೇ ಕಾಯಂ ನಿವಾಸಿಯಾಗಿ ಸೇರಿಸಿಕೊಳ್ಳಬಹುದು. ಮಗುವಿನ ಪಾಸ್‌ಪೋರ್ಟ್ ಮತ್ತು ಪೋಷಕರ ಹೆಸರಿರುವ ಜನನ ಪ್ರಮಾಣಪತ್ರ ಇದಕ್ಕೆ ಬೇಕು. ಮಗುವನ್ನು ಊರಿನಲ್ಲಿ ಬಿಟ್ಟು ತಾಯಿ ಒಮ್ಮೆ ಹೋಗಿಬಂದರೆ ಈ ಅವಕಾಶ ತಪ್ಪಿಹೋಗುತ್ತದೆ.

ಗಡಿಯಲ್ಲಿ ತಪಾಸಣೆ

ಪ್ರವೇಶ ದ್ವಾರದಲ್ಲಿ ಸುಂಕ ಮತ್ತು ಗಡಿ ರಕ್ಷಣಾ ಸಂಸ್ಥೆಯ ಅಧಿಕಾರಿಗಳು ದಾಖಲೆಗಳನ್ನು ಪರಿಶೀಲಿಸುತ್ತಾರೆ. 2009ರಿಂದ ಕಾಯಂ ನಿವಾಸಿಗಳ ಬೆರಳಚ್ಚು ಮತ್ತು ಭಾವಚಿತ್ರವನ್ನೂ ತೆಗೆದುಕೊಳ್ಳಲಾಗುತ್ತಿದೆ. ಸಂದೇಹವಿದ್ದಲ್ಲಿ ಎರಡನೆಯ ಹಂತದ ವಿಚಾರಣೆಗೆ ಕಳುಹಿಸಲಾಗುತ್ತದೆ.

ಸ್ಥಾನಮಾನ ತ್ಯಜಿಸಲಾಗಿದೆಯೆಂದು ಅಧಿಕಾರಿಗೆ ಅನಿಸಿದಾಗ ಐ-407 ಎಂಬ ನಮೂನೆಗೆ ಸಹಿ ಹಾಕುವ ಅವಕಾಶವನ್ನು ಮುಂದಿಡಬಹುದು. ಇದು ಸ್ವಇಚ್ಛೆಯ ತ್ಯಾಗಪತ್ರ. ಸಹಿ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಒಪ್ಪದಿದ್ದರೆ ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೋರುವ ಹಕ್ಕು ಇದೆ. ಅಲ್ಲಿ ತ್ಯಜನೆಯನ್ನು ಸ್ಪಷ್ಟ ಮತ್ತು ನಿಸ್ಸಂದಿಗ್ಧ ಸಾಕ್ಷ್ಯದಿಂದ ಸಾಬೀತುಪಡಿಸುವ ಹೊಣೆ ಸರ್ಕಾರದ್ದು. ದೀರ್ಘ ಪ್ರಯಾಣದಿಂದ ದಣಿದವರು, ಇಂಗ್ಲಿಷ್ ಬಾರದ ವೃದ್ಧರು ಅರ್ಥವಾಗದ ಪತ್ರಕ್ಕೆ ಸಹಿ ಹಾಕಿದರೆ ವರ್ಷಗಳ ಕಾಲ ಕಾದು ಪಡೆದ ಹಕ್ಕು ಕಳೆದುಹೋಗುವ ಸಾಧ್ಯತೆ ಇರುವುದರಿಂದ ಈ ನಮೂನೆಯ ತಿಳಿವಳಿಕೆ ಮಹತ್ವದ್ದಾಗಿದೆ.

ಜನವರಿ 2017ರಲ್ಲಿ ಏಳು ದೇಶಗಳ ಪ್ರಜೆಗಳ ಪ್ರವೇಶವನ್ನು ತಡೆಹಿಡಿದ ಅಧ್ಯಕ್ಷೀಯ ಆದೇಶದ ಮೊದಲ ದಿನಗಳಲ್ಲಿ ಆ ದೇಶಗಳ ಕಾಯಂ ನಿವಾಸಿಗಳೂ ವಿಮಾನ ನಿಲ್ದಾಣಗಳಲ್ಲಿ ತಡೆಯಲ್ಪಟ್ಟರು. ಕೆಲವೇ ದಿನಗಳಲ್ಲಿ, ಆದೇಶ ಅವರಿಗೆ ಅನ್ವಯಿಸುವುದಿಲ್ಲವೆಂದು ಶ್ವೇತಭವನ ಸ್ಪಷ್ಟಪಡಿಸಿತು.

ಇತರ ದೇಶಗಳ ನಿಯಮಗಳು

ಗ್ರೀನ್ ಕಾರ್ಡ್ ಅಮೆರಿಕಕ್ಕೆ ಮರಳುವ ದಾಖಲೆಯಾಗಿದ್ದರೂ ಕೆಲವು ದೇಶಗಳು ಅದನ್ನು ಆಧರಿಸಿ ರಿಯಾಯಿತಿ ನೀಡುತ್ತವೆ. ಕೆನಡಾಕ್ಕೆ ಹೋಗುವ ಅಮೆರಿಕದ ಕಾಯಂ ನಿವಾಸಿಗಳಿಗೆ ವೀಸಾ ಬೇಕಿಲ್ಲ. 26 ಏಪ್ರಿಲ್ 2022ರಿಂದ ಅವರು ಸ್ವದೇಶದ ಚಾಲ್ತಿ ಪಾಸ್‌ಪೋರ್ಟ್ ಮತ್ತು ಕಾಯಂ ನಿವಾಸದ ಪುರಾವೆ ಎರಡನ್ನೂ ತೋರಿಸಬೇಕು. ಮೆಕ್ಸಿಕೊ ಕೂಡ ಅವರಿಗೆ ಪ್ರವಾಸಿ ವೀಸಾದಿಂದ ವಿನಾಯಿತಿ ನೀಡಿದೆ. ಯುರೋಪಿನ ಷೆಂಗೆನ್ ದೇಶಗಳಲ್ಲಿ ವಿಮಾನ ಬದಲಿಸುವವರಿಗೆ ಬೇಕಾಗುವ ನಿಲ್ದಾಣ ಸಾಗಣೆ ವೀಸಾದಿಂದ ವಿನಾಯಿತಿ ನೀಡುವ ನಿವಾಸ ಪತ್ರಗಳ ಪಟ್ಟಿಯಲ್ಲಿ ಐ-551 ಕಾರ್ಡ್ ಸೇರಿದೆ. ಆದರೆ ಅವಧಿ ಮುಗಿದ ಕಾರ್ಡಿನೊಂದಿಗೆ ಅಮೆರಿಕ ನೀಡುವ ವಿಸ್ತರಣೆ ಪತ್ರವನ್ನು ಬೇರೆ ದೇಶಗಳು ಒಪ್ಪಲೇಬೇಕೆಂದಿಲ್ಲ. ಆದ್ದರಿಂದ ಮಾರ್ಗಮಧ್ಯದ ದೇಶಗಳ ನಿಯಮಗಳನ್ನೂ ಮೊದಲೇ ಪರಿಶೀಲಿಸಬೇಕಾಗುತ್ತದೆ.

ಭಾರತೀಯ ಕಾಯಂ ನಿವಾಸಿಗಳು

ಗ್ರೀನ್ ಕಾರ್ಡ್ ಹೊಂದಿದ ಭಾರತೀಯರು ಭಾರತದ ಪೌರರಾಗಿಯೇ ಉಳಿಯುವುದರಿಂದ ಭಾರತಕ್ಕೆ ಬರಲು ಅವರಿಗೆ ಭಾರತೀಯ ಪಾಸ್‌ಪೋರ್ಟ್ ಸಾಕು. ಆದರೆ ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪೌರತ್ವ ಪಡೆದ ಅವರ ಮಕ್ಕಳಿಗೆ ಅಮೆರಿಕದ ಪಾಸ್‌ಪೋರ್ಟಿನ ಜೊತೆಗೆ ಭಾರತದ ಸಾಗರೋತ್ತರ ನಾಗರಿಕ ಕಾರ್ಡ್ ಅಥವಾ ವೀಸಾ ಬೇಕು. ಒಂದೇ ಕುಟುಂಬದ ಸದಸ್ಯರು ಬೇರೆ ಬೇರೆ ದಾಖಲೆಗಳೊಂದಿಗೆ ಪ್ರಯಾಣಿಸುವುದು ಹೀಗೆ ಸಾಮಾನ್ಯ ಸಂಗತಿಯಾಗಿದೆ.

ಕರ್ನಾಟಕದ ಅನೇಕರ ಹೆಸರಿನಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ, ಕುಲನಾಮ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿದ್ದಾಗ ಅಮೆರಿಕದ ದಾಖಲೆಗಳು ಇಡೀ ಹೆಸರನ್ನು ಕುಲನಾಮವಾಗಿ ಬರೆದು, ಮೊದಲ ಹೆಸರು ತಿಳಿದಿಲ್ಲವೆಂಬ ಅರ್ಥದ ಎಫ್‌ಎನ್‌ಯು ಅಕ್ಷರಗಳನ್ನು ಸೇರಿಸುತ್ತವೆ. ಟಿಕೆಟ್, ಪಾಸ್‌ಪೋರ್ಟ್ ಮತ್ತು ಕಾರ್ಡಿನ ಹೆಸರುಗಳು ಹೊಂದದಿದ್ದರೆ ವಿಮಾನವೇರುವ ಹಂತದಲ್ಲಿ ತೊಡಕಾಗಬಹುದು.

ಮಕ್ಕಳ ಮೂಲಕ ಕಾಯಂ ನಿವಾಸ ಪಡೆದ ತಂದೆತಾಯಿಯರಲ್ಲಿ ವರ್ಷದ ಕೆಲವು ತಿಂಗಳು ಮಕ್ಕಳೊಂದಿಗೆ, ಉಳಿದ ಕಾಲ ಸ್ವಂತ ಊರಿನಲ್ಲಿ ಇರುವ ರೂಢಿ ಕಂಡುಬರುತ್ತದೆ. ಮನೆ, ಜಮೀನು, ಬಂಧುಬಳಗ ಎಲ್ಲವೂ ಊರಿನಲ್ಲಿಯೇ ಇದ್ದಾಗ ಕಾಯಂ ನೆಲೆ ಅಮೆರಿಕದಲ್ಲಿದೆ ಎಂದು ತೋರಿಸುವುದು ಕಷ್ಟವಾಗುತ್ತದೆ. ಮಗ ಅಥವಾ ಮಗಳ ಮನೆಯ ವಿಳಾಸದಲ್ಲಿರುವ ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ರಾಜ್ಯದ ಗುರುತಿನ ಚೀಟಿ ಮುಂತಾದವು ಅಂಥವರಿಗೆ ಪುರಾವೆಗಳಾಗುತ್ತವೆ. ವರ್ಷದ ಬಹುಭಾಗವನ್ನು ಊರಿನಲ್ಲಿಯೇ ಕಳೆಯಬಯಸುವವರು ಐ-407ರ ಮೂಲಕ ಕಾಯಂ ನಿವಾಸವನ್ನು ತಾವಾಗಿಯೇ ಹಿಂದಿರುಗಿಸಿ ಸಂದರ್ಶಕ ವೀಸಾಕ್ಕೆ ಅರ್ಜಿ ಸಲ್ಲಿಸುವುದೂ ಉಂಟು.

ಪೌರತ್ವದೊಂದಿಗಿನ ಸಂಬಂಧ

ಕಾಯಂ ನಿವಾಸವನ್ನು ಉಳಿಸಿಕೊಳ್ಳುವ ನಿಯಮ ಮತ್ತು ಪೌರತ್ವಕ್ಕೆ ಅರ್ಹರಾಗುವ ನಿಯಮ ಬೇರೆ ಬೇರೆ. ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ನಿವಾಸ ಮತ್ತು ಅದರಲ್ಲಿ 30 ತಿಂಗಳ ಭೌತಿಕ ಉಪಸ್ಥಿತಿ ಬೇಕು. ಆರು ತಿಂಗಳಿಗಿಂತ ಹೆಚ್ಚಿನ ಒಂದೇ ಪ್ರವಾಸವು ನಿರಂತರತೆ ಮುರಿದಿದೆಯೆಂಬ ಊಹೆಗೆ ಎಡೆಮಾಡುತ್ತದೆ. ಒಂದು ವರ್ಷ ಅಥವಾ ಹೆಚ್ಚಿನದು ಅದನ್ನು ಮುರಿಯುತ್ತದೆ. ಮರುಪ್ರವೇಶ ಪರವಾನಗಿ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಅಮೆರಿಕದ ಸರ್ಕಾರ, ಅಲ್ಲಿನ ಕೆಲವು ಕಂಪನಿಗಳು ಹಾಗೂ ಸಂಶೋಧನಾ ಸಂಸ್ಥೆಗಳ ಕೆಲಸಕ್ಕೆ ಹೊರಹೋಗುವ ಅರ್ಹರು ಎನ್-470 ಅರ್ಜಿಯ ಮೂಲಕ ನಿರಂತರತೆಯನ್ನು ಕಾಯ್ದುಕೊಳ್ಳಬಹುದು.

ಪೌರತ್ವ ಪಡೆದ ನಂತರ ಗ್ರೀನ್ ಕಾರ್ಡ್ ಮತ್ತು ಹೊರಗಿರುವ ಅವಧಿಯ ಈ ಮಿತಿಗಳು ಅನ್ವಯಿಸುವುದಿಲ್ಲ. ಆದರೆ ಭಾರತದ 1955ರ ಪೌರತ್ವ ಕಾಯ್ದೆಯಂತೆ ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವರು ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ಅವರು ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಮುಂದಿನ ಭಾರತ ಪ್ರಯಾಣಕ್ಕೆ ಅಮೆರಿಕದ ಪಾಸ್‌ಪೋರ್ಟ್ ಜೊತೆಗೆ ಸಾಗರೋತ್ತರ ನಾಗರಿಕ ಕಾರ್ಡ್ ಅಥವಾ ವೀಸಾ ಬೇಕಾಗುತ್ತದೆ.